ಹೊಸ ರೇಜರು, ಹಳೆಯ ಕೆನ್ನೆ

ಎರಡು ಅಂಚಿನ ಬ್ಲೇಡಿಗೆ ಲೋಕದಲ್ಲೆಲ್ಲ ಒಂದೇ ಅಳತೆ. ಉದ್ದ ಸುಮಾರು 43 ಮಿಲಿಮೀಟರು, ಅಗಲ 22, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು. ಮೈಸೂರಿನ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಕೊಂಡ ಬ್ಲೇಡು ಜರ್ಮನಿಯಲ್ಲಿ ತಯಾರಾದ ರೇಜರಿಗೂ ಕೂರುತ್ತದೆ, ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕ ಅಜ್ಜನ ಕಾಲದ ರೇಜರಿಗೂ ಕೂರುತ್ತದೆ. ಹಾಗಿದ್ದಮೇಲೆ ರೇಜರು ಬದಲಾದರೆ ಬದಲಾಗುವುದೇನು ಎಂದು ಕೇಳುವವರಿದ್ದಾರೆ. ಬ್ಲೇಡು ಅದೇ, ಸೋಪು ಅದೇ, ಮುಖವಂತೂ ಅದೇ. ಆದರೆ ಹತ್ತು ವರ್ಷ ಒಂದೇ ಸೈಕಲ್ಲು ತುಳಿದವರು ಪಕ್ಕದ ಮನೆಯವರ ಸೈಕಲ್ಲು ಹತ್ತಿ ನೋಡಲಿ. ಬ್ರೇಕು ಎಲ್ಲಿ ಹಿಡಿಯುತ್ತದೆ, ಹ್ಯಾಂಡಲು ಎಷ್ಟು ತಿರುಗುತ್ತದೆ ಎಂಬುದು ಕೈಗೆ ಗೊತ್ತಾಗುವ ತನಕ ತಿರುವಿನಲ್ಲಿ ಎದೆ ಢವಢವ ಎನ್ನುತ್ತದೆ. ರೇಜರಿನ ಕಥೆಯೂ ಅಷ್ಟೇ. ಇಲ್ಲಿ ತಿರುವು ಎಂದರೆ ದವಡೆಯ ಮೂಲೆ.

ನಾನು 1974ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಸೇರಿದೆ. ಕೌಂಟರಿನಲ್ಲಿ ಕೂರುವವನ ಗಡ್ಡ ನುಣ್ಣಗಿರಬೇಕು ಎಂಬುದು ಆಗ ಯಾರೂ ಬರೆದಿಡದ ನಿಯಮ. ಅಂದಿನಿಂದ ಇಂದಿನವರೆಗೆ ಭಾನುವಾರ ಬಿಟ್ಟು ದಿನವೂ ನನ್ನ ಗಡ್ಡ ನಾನೇ ಮಾಡಿಕೊಂಡಿದ್ದೇನೆ. ಇದರಲ್ಲಿ ಹೆಚ್ಚಿನ ವರ್ಷಗಳು ಒಂದೇ ರೇಜರಿನಲ್ಲಿ ಕಳೆದವು. ಪ್ಲಾಸ್ಟಿಕ್ ಹಿಡಿಯ, ಮೂರು ತುಂಡಿನ ಸಾದಾ ರೇಜರು: ಒಂದು ಹಿಡಿ, ಒಂದು ಕೆಳಗಿನ ತಟ್ಟೆ, ಒಂದು ಮೇಲಿನ ಮುಚ್ಚಳ. ಕಳೆದ ವರ್ಷ ಅದರ ಹಿಡಿ ಉದ್ದಕ್ಕೆ ಸೀಳಿತು. ಔಷಧಿ ಅಂಗಡಿಯ ಪ್ಲಾಸ್ಟರು ಸುತ್ತಿ ಕೆಲವು ತಿಂಗಳು ನಡೆಸಿದೆ. ಜರ್ಮನಿಯ ಕಲೋನ್ ನಗರದಲ್ಲಿರುವ ಮಗಳು ವಿಡಿಯೋದಲ್ಲಿ ಆ ಪ್ಲಾಸ್ಟರು ನೋಡಿ, ಊರಿಗೆ ಬರುವಾಗ ಸೋಲಿಂಗೆನ್‌ನಲ್ಲಿ ತಯಾರಾದ ರೇಜರೊಂದನ್ನು ತಂದಳು. ಕಲೋನಿಗೆ ಹತ್ತಿರದ ಈ ಊರು ಕತ್ತಿ, ಚಾಕು, ಕತ್ತರಿಗಳಿಗೆ ಹೆಸರುವಾಸಿ. ಅಲ್ಲಿ ತಯಾರಾಗದ ಸಾಮಾನಿನ ಮೇಲೆ ಆ ಊರಿನ ಹೆಸರು ಹಾಕಬಾರದೆಂದು 1938ರಲ್ಲೇ ಕಾನೂನು ಬಂದಿದೆ. ನಮ್ಮ ಮೈಸೂರು ಸಿಲ್ಕಿನ ಹೆಸರಿಗೆ ರಕ್ಷಣೆ ಇರುವ ಹಾಗೆ.

ಉಡುಗೊರೆ ಬಂತು ಎಂದು ನೇರವಾಗಿ ಗಲ್ಲಕ್ಕೆ ಹಚ್ಚುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಿರಲು ದಿನವೂ ಮಾತ್ರೆ ನುಂಗಬೇಕು. ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲುವುದಿಲ್ಲ. ಜೊತೆಗೆ ಎಪ್ಪತ್ತು ದಾಟಿದ ಚರ್ಮ ಕಾಗದದಂತೆ ತೆಳುವಾಗಿರುತ್ತದೆ, ಕುತ್ತಿಗೆಯಲ್ಲಿ ಸಡಿಲವಾಗಿ ಜೋತಿರುತ್ತದೆ. "ರೀ, ಆ ಕರೆಂಟಿನ ಟ್ರಿಮ್ಮರ್ ತಗೊಳ್ಳಿ, ಈ ಆಟ ಸಾಕು" ಎಂಬುದು ನಮ್ಮ ಮನೆಯವರ ವಾದ. ಡಾಕ್ಟರೂ ಅದೇ ಮಾತನ್ನು ಸ್ವಲ್ಪ ಮೆತ್ತಗೆ ಹೇಳಿದರು. ನನ್ನ ಕೋರಿಕೆ ಒಂದೇ, ಮೂರು ವಾರದ ಕಾಲಾವಕಾಶ. ಮೂರು ವಾರದಲ್ಲಿ ಲೆಕ್ಕ ಸರಿಹೋಗದಿದ್ದರೆ ಟ್ರಿಮ್ಮರಿಗೆ ನನ್ನ ಒಪ್ಪಿಗೆ ಇದೆ ಎಂದೆ. ಈಗಾಗಲೇ ಓಡಾಟಕ್ಕೆ ಮಗ, ಬಿಲ್ ಕಟ್ಟಲು ಮೊಮ್ಮಗ ಎಂದಾಗಿದೆ. ಮುಖದ ಕೆಲಸವಾದರೂ ನನ್ನ ಕೈಯಲ್ಲೇ ಇರಲಿ ಎಂಬ ಆಸೆ ತಪ್ಪಲ್ಲ ತಾನೆ?

ಇಲ್ಲಿ ಬ್ಯಾಂಕಿನ ಒಂದು ಪಾಠ ಕೆಲಸಕ್ಕೆ ಬಂತು. ಸಂಜೆ ಲೆಕ್ಕ ಹೊಂದದಿದ್ದಾಗ ಎಲ್ಲವನ್ನೂ ಒಟ್ಟಿಗೆ ಕೆದಕಿದರೆ ರಾತ್ರಿ ಹತ್ತಾದರೂ ಮನೆಗೆ ಹೋಗುವಂತಿಲ್ಲ. ಒಂದೊಂದೇ ಕಂಬಸಾಲು ಪರೀಕ್ಷಿಸಬೇಕು. ಮಕ್ಕಳಿಗೊಂದು ಗುಟ್ಟು ಹೇಳುತ್ತೇನೆ: ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ ಬಹುತೇಕ ಯಾರೋ 54ರ ಬದಲು 45 ಬರೆದಂತೆ ಅಂಕಿಗಳನ್ನು ಹಿಂದುಮುಂದು ಮಾಡಿರುತ್ತಾರೆ. ಈ ಶಿಸ್ತಿನಲ್ಲೇ ರೇಜರನ್ನೂ ನೋಡಿದೆ. ಬ್ಲೇಡು ಬದಲಿಸಲಿಲ್ಲ, ಸೋಪು ಬದಲಿಸಲಿಲ್ಲ, ಬ್ರಷ್ಷೂ ಹಳೆಯದೇ. ಹೊಸ ರೇಜರಿನ ಜೊತೆಗೆ ಹೊಸ ಬ್ಲೇಡು, ಹೊಸ ಕ್ರೀಮು ಎಲ್ಲ ಒಂದೇ ದಿನ ಶುರುಮಾಡಿದರೆ ಉರಿ ಬಂದಾಗ ದೂರುವುದು ಯಾರನ್ನು?

ಮೊದಲ ವಾರ ಬಲಗೆನ್ನೆ ಹೊಸದಕ್ಕೆ, ಎಡಗೆನ್ನೆ ಪ್ಲಾಸ್ಟರಿನ ಹಳೆಯದಕ್ಕೆ. ಮರುದಿನ ಅದಲು ಬದಲು. ಕುತ್ತಿಗೆಯನ್ನು ಆ ವಾರ ಹೊಸದಕ್ಕೆ ಮುಟ್ಟಿಸಲೇ ಇಲ್ಲ. ಹಳೆಯ ಡೈರಿಯಲ್ಲಿ ಎರಡು ಕಂಬಸಾಲು ಎಳೆದು ದಿನವೂ ಷರಾ ಬರೆದೆ.

ಮೊದಲು ತಿಳಿದದ್ದು ತೂಕದ ವಿಷಯ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಹಳೆಯದು 24 ಗ್ರಾಂ, ಹೊಸದು 77. ಮೂರು ಪಟ್ಟು ಮಿಕ್ಕಿದ ಭಾರ! ಹಗುರ ರೇಜರಿಗೆ ಕೈ ಸ್ವಲ್ಪ ಒತ್ತಡ ಕೊಡಲೇಬೇಕು. ಆ ಒತ್ತಡವನ್ನೇ ಭಾರದ ರೇಜರಿಗೂ ಕೊಟ್ಟರೆ ಬ್ಲೇಡು ಕೂದಲಿನ ಜೊತೆಗೆ ಚರ್ಮವನ್ನೂ ಎತ್ತುತ್ತದೆ. ಅದರ ತೂಕವೇ ಕೆಲಸ ಮಾಡಬೇಕು, ಕೈ ದಾರಿ ತೋರಿಸಿದರೆ ಸಾಕು. ಇದಕ್ಕೊಂದು ಉಪಾಯವಿದೆ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯದೆ, ತುದಿಯ ಹತ್ತಿರ ಮೂರು ಬೆರಳಲ್ಲಿ ರಂಗೋಲಿ ಪುಡಿ ಹಿಡಿದ ಹಾಗೆ ಹಿಡಿಯಿರಿ. ಒತ್ತಬೇಕೆಂದರೂ ಒತ್ತಲಾಗುವುದಿಲ್ಲ.

ಎರಡನೆಯದು ಕೋನ. ಕೆನ್ನೆಗೆ ರೇಜರು ಹೇಗೆ ವಾಲಬೇಕು ಎಂಬುದು ಅದರ ತಲೆಯ ಆಕಾರದ ಮೇಲೆ ನಿಂತಿದೆ. ಮೇಲಿನ ಮುಚ್ಚಳ ಎಷ್ಟು ಬಾಗಿದೆ, ಬ್ಲೇಡಿನ ಅಂಚು ಎಷ್ಟು ಹೊರಗೆ ಇಣುಕಿದೆ, ಆ ಅಂಚಿಗೂ ಕೆಳಗಿನ ದಂಡೆಗೂ ನಡುವಿನ ಸಂದು ಎಷ್ಟು, ಈ ಮೂರೂ ಒಂದೊಂದು ರೇಜರಿನಲ್ಲಿ ಒಂದೊಂದು ತರಹ. ಕೆಲವಕ್ಕೆ ಕೆಳಗೆ ನೇರ ದಂಡೆ, ಕೆಲವಕ್ಕೆ ಬಾಚಣಿಗೆಯಂಥ ಹಲ್ಲು. ಸಂದು ಹೆಚ್ಚಿದ್ದರೆ ರೇಜರು ಚುರುಕು. ಬೆಳೆದ ಗಡ್ಡಕ್ಕೆ ಒಳ್ಳೆಯದು, ದಿನವೂ ಕ್ಷೌರ ಮಾಡಿಕೊಳ್ಳುವವರಿಗೆ ತುಸು ಒರಟು. ಪುಸ್ತಕದ ಲೆಕ್ಕದಲ್ಲಿ ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಇರಬೇಕು. ಕೋನಮಾಪಕ ಹಿಡಿದು ಯಾರೂ ಗಡ್ಡ ಮಾಡಿಕೊಳ್ಳುವುದಿಲ್ಲವಲ್ಲ! ಅದಕ್ಕೆ ಹೀಗೆ ಮಾಡಿ. ರೇಜರಿನ ತಲೆಯ ಮೇಲ್ಭಾಗವನ್ನು ನೊರೆ ಹಚ್ಚಿದ ಕೆನ್ನೆಗೆ ಒರಗಿಸಿ. ಹಿಡಿ ಆಗ ಗೋಡೆಗೆ ಹೊಡೆದ ಮೊಳೆಯಂತೆ ನೇರ ಹೊರಕ್ಕೆ ಚಾಚಿರುತ್ತದೆ. ಈಗ ಸಣ್ಣದಾಗಿ ಕೆಳಗೆ ಎಳೆಯುತ್ತಾ ಹಿಡಿಯನ್ನು ನಿಧಾನಕ್ಕೆ ಇಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ಬ್ಲೇಡು ಕೂದಲನ್ನು ಹಿಡಿಯುತ್ತದೆ. ಅದೇ ಆ ರೇಜರಿನ ಕೋನ. ಅದಕ್ಕಿಂತ ಕೆಳಗೆ ಇಳಿಸಿದರೆ ಕೆರೆತ ಶುರು.

ಇದನ್ನು ಕಿವಿಯಿಂದಲೂ ಗುರುತಿಸಬಹುದು. ಸರಿಯಾದ ಕೋನದಲ್ಲಿ ಕೂದಲು ಕತ್ತರಿಸುವ 'ಚರ್ ಚರ್' ಸದ್ದು ಕೇಳುತ್ತದೆ, ಒಣಗಿದ ದೋಸೆಯ ಅಂಚು ಮುರಿದ ಹಾಗೆ. ಹಳೆಯ ರೇಜರು ಈ ಸದ್ದು ಮಾಡುತ್ತಿತ್ತೇ ಎಂದು ನೋಡಿದೆ. ಮಾಡುತ್ತಿತ್ತು, ಆದರೆ ಬಹಳ ಮೆಲ್ಲಗೆ. ಅದರ ಹಿಡಿಯನ್ನು ನಾನು ಹಿಡಿಯುತ್ತಿದ್ದುದು ಕೆನ್ನೆಗೆ ಹೆಚ್ಚು ಸಮೀಪ. ಹೊಸದಕ್ಕೆ ಹಿಡಿ ಇನ್ನೂ ಹೊರಗೆ ಇರಬೇಕು. ಬೆರಳೆರಡರಷ್ಟೇ ವ್ಯತ್ಯಾಸ. ಮಣಿಕಟ್ಟಿಗೆ ಅದನ್ನು ಕಲಿಸಲು ಹತ್ತು ದಿನ ಬೇಕಾಯಿತು.

ಎರಡನೇ ವಾರ ಕುತ್ತಿಗೆಯ ಸರದಿ. ಗುರುವಾರ ಗಂಟಲಮಣಿಯ ಪಕ್ಕ ಸಾಸಿವೆ ಕಾಳಿನಷ್ಟು ರಕ್ತ ಕಾಣಿಸಿತು. ಪಟಿಕದ ಕಲ್ಲನ್ನು ಒದ್ದೆ ಮಾಡಿ ಒತ್ತಿ ಹಿಡಿದೆ. ನಿಲ್ಲಲು 12 ನಿಮಿಷ ಬೇಕಾಯಿತು. ಗಡಿಯಾರ ನೋಡಿಯೇ ಬರೆದದ್ದು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಏನೂ ಮಾತಾಡಲಿಲ್ಲ. ಐವತ್ತು ವರ್ಷ ಸಂಸಾರ ಮಾಡಿದವರಿಗೆ ಆ ಮೌನದ ಅರ್ಥ ಗೊತ್ತಿರುತ್ತದೆ.

ಅಂದು ಸಂಜೆ ಹತ್ತನೇ ತರಗತಿಯ ಮೊಮ್ಮಗ ಬಂದು, "ತಾತ, ಕೂದಲು ಎಲ್ಲ ಕಡೆ ಒಂದೇ ದಿಕ್ಕಿಗೆ ಬೆಳೆಯುತ್ತಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಭಾನುವಾರದ ರಜೆ ಮುಗಿದ ಸೋಮವಾರ ಬೆಳಿಗ್ಗೆ ಗಡ್ಡ ಸ್ವಲ್ಪ ಎದ್ದಿರುತ್ತದೆ. ಗಡ್ಡ ಬೆಳೆಯುವುದು ದಿನಕ್ಕೆ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು. ಎರಡು ದಿನದ ಬೆಳೆ ಪರೀಕ್ಷೆಗೆ ಸಾಕು. ನಾನು ಬೆರಳಾಡಿಸಿ ಎಲ್ಲಿ ನುಣುಪು, ಎಲ್ಲಿ ಒರಟು ಎಂದು ಹೇಳುತ್ತಾ ಹೋದೆ, ಅವನು ಕಾಗದದ ಮೇಲೆ ನನ್ನ ಮುಖ ಬರೆದು ಬಾಣದ ಗುರುತು ಹಾಕುತ್ತಾ ಹೋದ. ಕೆನ್ನೆಯಲ್ಲಿ ಬಾಣಗಳೆಲ್ಲ ಕೆಳಮುಖ. ದವಡೆಯ ಕೆಳಗೆ ಎಡಗಡೆ ಅಡ್ಡಡ್ಡ. ಗಂಟಲಮಣಿಯ ಪಕ್ಕ ಮೇಲ್ಮುಖ! ಅಲ್ಲಿ ಮೇಲಿನಿಂದ ಕೆಳಕ್ಕೆ ಎಳೆದರೆ ಕೂದಲಿಗೆ ಎದುರಾಗಿ ಹೋದಂತೆ. ಹಗುರ ರೇಜರಿನಲ್ಲಿ ಇದು ನಡೆಯುತ್ತಿತ್ತು, ಚುರುಕಾದ ಹೊಸದರಲ್ಲಿ ನಡೆಯದು. ಶುಕ್ರವಾರ ಶನಿವಾರ ಕುತ್ತಿಗೆಗೆ ರಜೆ ಕೊಟ್ಟಿದ್ದೆ. ಸೋಮವಾರದಿಂದ ಆ ನಕ್ಷೆಯನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿ ಬಾಣದ ದಿಕ್ಕಿನಲ್ಲಿ ಮಾತ್ರ ಎಳೆದೆ. ಒಂದೊಂದು ಎಳೆತ ಒಂದು ಅಂಗುಲಕ್ಕಿಂತ ಉದ್ದವಿಲ್ಲ. ಎಡಗೈಯಿಂದ ಕಿವಿಯ ಹಿಂದಿನ ಚರ್ಮವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರೆ ಕುತ್ತಿಗೆಯ ಮಡಿಕೆ ಬಿಚ್ಚಿಕೊಳ್ಳುತ್ತದೆ.

ಮೂರನೇ ವಾರದ ಕಂಬಸಾಲಿನಲ್ಲಿ ರಕ್ತ ಎಂಬ ಷರಾ ಇಲ್ಲ.

ನೊರೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಬಿಸಿನೀರಿನಲ್ಲಿ ಮುಖ ತೊಳೆದು, ಬ್ರಷ್ಷಿನಿಂದ ನೊರೆ ಹಚ್ಚಿ, ಎರಡು ಮೂರು ನಿಮಿಷ ನೆನೆಯಲು ಬಿಡಿ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಯಾವ ದೇಶದ ರೇಜರೂ ಒಗ್ಗುವುದಿಲ್ಲ.

ಬ್ಲೇಡಿನ ಕಥೆ ಮಾತ್ರ ಸ್ವಾರಸ್ಯದ್ದು. ನನ್ನ ವಯಸ್ಸಿನವರಿಗೆ ಬ್ಲೇಡಿನ ಕಾಗದದ ಮೇಲಿನ ಮೀಸೆಯ ಸಾಹೇಬನ ಮುಖ ನೆನಪಿರಬಹುದು. ಆತ ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಎಂಬುದು ಹೆಸರೇ, ಬಿರುದಲ್ಲ. ಅಮೆರಿಕದಲ್ಲಿ ಬಾಟಲಿ ಮುಚ್ಚಳದ ಕಂಪನಿಯೊಂದರ ಮಾರಾಟಗಾರನಾಗಿದ್ದ. ಜನ ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳುವಂಥದ್ದೇನಾದರೂ ಕಂಡುಹಿಡಿ ಎಂದು ಆ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೆ ಹೇಳಿದ್ದನಂತೆ. ತೆಳು ಉಕ್ಕಿನ ಹಾಳೆಗೆ ಹರಿತ ಕೊಡುವ ಕೆಲಸ ಅವನಿಂದಾಗಲಿಲ್ಲ. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿದ. ಮಾರಾಟ ಶುರುವಾದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು. ಮರುವರ್ಷ ಪೇಟೆಂಟು ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲದಲ್ಲೆಲ್ಲ ಅವನ ರೇಜರು ಸೇರಿತು. ಆಗ ಬ್ಲೇಡಿನ ನಡುವೆ ಮೂರು ತೂತು ಇರುತ್ತಿದ್ದವು. ಈಗ ಕಾಣುವ ಉದ್ದ ಸೀಳು ಬಂದದ್ದು 1930ರ ಹೊತ್ತಿಗೆ.

ಕೂದಲು ಉಕ್ಕಿಗಿಂತ ಐವತ್ತು ಪಟ್ಟು ಮೆದು. ಆದರೂ ಕೂದಲು ಕತ್ತರಿಸಿ ಬ್ಲೇಡು ಮೊಂಡಾಗುವುದೇಕೆ? 2020ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದ್ದಾರೆ: ಅಂಚು ಬರೀ ಸವೆಯುವುದಿಲ್ಲ, ಸಣ್ಣ ಸಣ್ಣ ಚಕ್ಕೆ ಏಳುತ್ತದೆ. ಉಕ್ಕು ಒಂದೇ ಹದದಲ್ಲಿಲ್ಲದ ಕಡೆ, ಕೂದಲು ಓರೆಯಾಗಿ ತಗುಲಿದಾಗ ಹೀಗಾಗುತ್ತದಂತೆ. ನನ್ನ ಮಟ್ಟಿಗೆ ಒಂದು ಬ್ಲೇಡು ಐದು ಕ್ಷೌರಕ್ಕೆ ಸರಿ. ಹಳೆಯ ರೇಜರಿನಲ್ಲಿ ಏಳೆಂಟು ಸಲ ಎಳೆಯುತ್ತಿದ್ದೆ. ಮೊಂಡು ಬ್ಲೇಡು ಹಾಕಿದರೆ ಕೈ ತಾನಾಗಿ ಒತ್ತುತ್ತದೆ, ಭಾರದ ರೇಜರಿಗೆ ಒತ್ತಡ ಆಗದು. ಕ್ಷೌರ ಮುಗಿದಮೇಲೆ ಅಂಚನ್ನು ಟವೆಲ್ಲಿನಲ್ಲಿ ಒರೆಸಬೇಡಿ, ನೀರಿನಲ್ಲಿ ಅಲುಗಾಡಿಸಿ ಒಣಗಲು ಬಿಡಿ.

ಬಳಸಿದ ಬ್ಲೇಡನ್ನು ಕಸದ ಬುಟ್ಟಿಗೆ ಹಾಕಬೇಡಿ. ಕಸ ವಿಂಗಡಿಸುವ ಪೌರಕಾರ್ಮಿಕರ ಬೆರಳಿಗೆ ಅದು ತಗುಲುತ್ತದೆ. ಖಾಲಿ ತಗಡಿನ ಡಬ್ಬಿಯ ಮುಚ್ಚಳಕ್ಕೆ ಹುಂಡಿಯಂತೆ ಸೀಳು ಕೊರೆದು ಅದರೊಳಗೆ ಹಾಕುತ್ತಾ ಬನ್ನಿ. ನಮ್ಮ ಮನೆಯದು ಹಳೆಯ ಹಲ್ಲುಪುಡಿ ಡಬ್ಬಿ, ಹನ್ನೊಂದು ವರ್ಷದಿಂದ ತುಂಬುತ್ತಲೇ ಇದೆ. ಪೆನ್ಸಿಲ್ ಚೂಪು ಮಾಡಲು ಬ್ಲೇಡು ಕೇಳುವ ಮಕ್ಕಳಿಗೆ ಮೆಂಡರ್ ಕೊಡಿ.

ಟ್ರಿಮ್ಮರಿನ ಮಾತು ಈಗ ಮನೆಯಲ್ಲಿ ಎದ್ದಿಲ್ಲ. ಡೈರಿಯನ್ನು ಡಾಕ್ಟರಿಗೂ ತೋರಿಸಿದೆ. ಪುಟ ತಿರುವಿ ನಕ್ಕು, ಕೂದಲಿಗೆ ಎದುರಾಗಿ ಎಳೆಯುವುದನ್ನು ಪೂರ್ತಿ ಬಿಟ್ಟರೆ ಮುಂದುವರಿಸಬಹುದು ಎಂದರು. ನನ್ನಂತೆ ಮಾತ್ರೆ ನುಂಗುವವರು ತಮ್ಮ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಬೇಕು. ನನ್ನ ಡೈರಿ ನನ್ನ ಮುಖದ್ದು ಮಾತ್ರ.

ಒಂದು ಜಾಗ ಮಾತ್ರ ಇನ್ನೂ ಬಾಕಿ ಇದೆ. ಮೂಗಿನ ಕೆಳಗೆ, ಮೇಲ್ತುಟಿಯ ನಡುವಿನ ಗುಳಿ. ಹೊಸ ರೇಜರಿನ ತಲೆ ದಪ್ಪ, ಅಲ್ಲಿಗೆ ನುಗ್ಗುವುದಿಲ್ಲ. ಮೂಗನ್ನು ಪಕ್ಕಕ್ಕೆ ಒತ್ತಿ ನೋಡಿದೆ, ತುಟಿ ಬಿಗಿದು ನೋಡಿದೆ, ಊಹೂಂ. ಅಷ್ಟಕ್ಕೆ ಮಾತ್ರ ಪ್ಲಾಸ್ಟರು ಸುತ್ತಿದ ಹಳೆಯದನ್ನೇ ಎರಡು ಸಲ ಆಡಿಸುತ್ತೇನೆ. ಎರಡೂ ಒಂದೇ ಲೋಟದಲ್ಲಿ ನಿಂತಿವೆ.