ಭ್ರೂಣದ ಆಕರಕೋಶ ಮದ್ದಲ್ಲ, ಮದ್ದಿನ ಮೂಲ

ಭ್ರೂಣದ ಆಕರಕೋಶ, ಅಂದರೆ ಎಂಬ್ರಿಯೋನಿಕ್ ಸ್ಟೆಮ್ ಸೆಲ್ ಸಾಕುವವರಿಗೆ ಭಾನುವಾರವೂ ಇಲ್ಲ, ದೀಪಾವಳಿಯೂ ಇಲ್ಲ. ಬೆಂಗಳೂರಿನ ಪ್ರಯೋಗಾಲಯದಲ್ಲಿದ್ದಾಗ ದಿನಾ ಬೆಳಿಗ್ಗೆ ತಟ್ಟೆಗಳ ಹಳೆಯ ಮೀಡಿಯಾ, ಅಂದರೆ ಕೋಶಗಳ ಪೋಷಕ ದ್ರವ, ತೆಗೆದು ಹೊಸದು ಹಾಕುವುದೇ ನನ್ನ ಮೊದಲ ಕೆಲಸ. ಆರೋಗ್ಯವಾಗಿರುವ ಕಾಲೊನಿ ಮೈಕ್ರೋಸ್ಕೋಪಿನಡಿ ಒತ್ತೊತ್ತಾಗಿ, ನುಣುಪಾದ ಅಂಚಿನೊಂದಿಗೆ ಕಾಣುತ್ತದೆ. ಅಂಚಿನ ಕೋಶಗಳು ಚಪ್ಪಟೆಯಾಗಿ ಚಾಚಿಕೊಂಡರೆ ಅವು ಬೇರೇನೋ ಆಗಲು ಹೊರಟಿವೆ ಎಂದರ್ಥ. ಅವನ್ನು ಕೆರೆದು ತೆಗೆಯುತ್ತಿದ್ದೆವು.

ಗರ್ಭಧಾರಣೆಯಾದ ಐದಾರು ದಿನಕ್ಕೆ ಭ್ರೂಣವೆಂದರೆ ಒಂದು ಟೊಳ್ಳು ಗುಂಡು, ಅಷ್ಟೆ. ಒಳಗೆ ಒಂದು ಬದಿಗೆ ಅಂಟಿಕೊಂಡ ಕೋಶಗಳ ಪುಟ್ಟ ಗುಂಪಿನಿಂದ ಇಡೀ ದೇಹ ಮೂಡುತ್ತದೆ. ಆ ಗುಂಪನ್ನು ಬಿಡಿಸಿ ಬೆಳೆಸಿದರೆ ಈ ಕೋಶಗಳು ಸಿಗುತ್ತವೆ. ಸರಿಯಾಗಿ ನೋಡಿಕೊಂಡರೆ ತಿಂಗಳುಗಟ್ಟಲೆ ದ್ವಿಗುಣಗೊಳ್ಳುತ್ತಲೇ ಇರುತ್ತವೆ, ಯಾವ ಅಂಗದ ಪಾಲಿಗೂ ಸೇರದೆ. ತಕ್ಕ ರಾಸಾಯನಿಕ ಸೂಚನೆ ಸಿಕ್ಕರೆ ನರವೂ ಆದಾವು, ರಕ್ತವೂ ಆದಾವು. ಹೃದಯದ ಕೋಶಗಳಾದ ತುಣುಕು ತಟ್ಟೆಯಲ್ಲಿ ತಾನೇ ತಾನಾಗಿ ಮಿಡಿಯುತ್ತದೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಮನುಷ್ಯರ ಭ್ರೂಣದಿಂದ ಇವನ್ನು ಮೊದಲು ಬೆಳೆಸಿದ್ದು 1998ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್. ಐವಿಎಫ್ ಚಿಕಿತ್ಸೆಯಲ್ಲಿ ಉಳಿದು, ದಂಪತಿಗಳು ದಾನ ಕೊಟ್ಟ ಭ್ರೂಣಗಳವು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಗುಣಮಟ್ಟ ಸಾಲದೆಂದು ಬದಿಗಿಟ್ಟ ಭ್ರೂಣಗಳಿಂದಲೇ ಎರಡು ಕೋಶವಂಶಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಭ್ರೂಣ ನಾಶವಾಗುತ್ತದೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ; ದಾನಿಗಳ ಒಪ್ಪಿಗೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ನನ್ನನ್ನು ಕಾಡುವುದು 'ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸೋಣವೇ?' ಎಂದು ಮಗುವಿನ ವರದಿ ಹಿಡಿದು ಕೇಳುವ ತಂದೆತಾಯಂದಿರು. ಈ ಕೋಶಗಳ ಶಕ್ತಿ ಪರೀಕ್ಷಿಸುವ ಹಳೆಯ ವಿಧಾನವೇ ರೋಗನಿರೋಧಕ ಶಕ್ತಿಯಿಲ್ಲದ ಇಲಿಗೆ ಅವನ್ನು ಚುಚ್ಚುವುದು. ಇಲಿಯ ಮೈಯಲ್ಲಿ ಗೆಡ್ಡೆ ಬೆಳೆಯುತ್ತದೆ; ಸೀಳಿದರೆ ಮೃದ್ವಸ್ಥಿ, ಸ್ನಾಯು, ಕರುಳಿನ ಪದರ ಎಲ್ಲ ಕಲಸಿಹೋಗಿರುತ್ತವೆ. ಹಾಗಾಗಿ ಬೇಕಾದ ಅಂಗದ ಕೋಶವನ್ನಾಗಿ ಮಾರ್ಪಡಿಸಿ, ಮಾರ್ಪಡದೆ ಉಳಿದವನ್ನು ನಿವಾರಿಸಿದ ಮೇಲೆಯೇ ಮನುಷ್ಯರ ಮಾತು. ನಿಗದಿತ ರೋಗಗಳಿಗೆ ಮಾಡುವ ರಕ್ತದ ಆಕರಕೋಶ ಕಸಿ ಬಿಟ್ಟರೆ, ಕ್ಲಿನಿಕಲ್ ಟ್ರಯಲ್‌ನ ಹೊರಗೆ ಯಾವ ಆಕರಕೋಶ ಚಿಕಿತ್ಸೆಯನ್ನೂ ಕೊಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ದುಡ್ಡು ಕೇಳಿದರೆ ಅದು ಟ್ರಯಲ್ ಅಲ್ಲ ಎಂದು ಆ ತಂದೆತಾಯಂದಿರಿಗೆ ಹೇಳುತ್ತೇನೆ.

ನಿಜವಾದ ಟ್ರಯಲ್‌ಗಳು ಫಲ ಕೊಡತೊಡಗಿವೆ. ಆಕರಕೋಶದಿಂದ ತಯಾರಿಸಿದ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿ ಟೈಪ್ 1 ಮಧುಮೇಹಿಗಳಲ್ಲಿ 10 ಮಂದಿಗೆ ವರ್ಷದ ನಂತರ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯ ಉಳಿದಿರಲಿಲ್ಲ ಎಂಬ ವರದಿ 2025ರಲ್ಲಿ ಬಂತು. ಆದರೆ ಹೊರಗಿನ ಕೋಶಗಳನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನು ಅವರು ತೆಗೆದುಕೊಳ್ಳುತ್ತಲೇ ಇರಬೇಕು. ಆ ಔಷಧವೇ ಬೇಡವಾಗುವಂತೆ ಕೋಶಗಳನ್ನು ತಿದ್ದುವ ಕೆಲಸ ಈಗ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ.