ನಗರದ ಕೊಳಚೆ ನೀರೂ ಕೋಲಾರದ ಕೆರೆಗಳೂ

ಲಾಯಿಲದ ಅಡಕೆ ತೋಟಗಳ ಯಜಮಾನರಿಗೆ ಕೋಲಾರದ ಕೆರೆಗಳ ಸಮಾಚಾರವೇತಕ್ಕೆಂದು ವಾಚಕರು ಕೇಳಬಹುದು. ಬೆಳ್ತಂಗಡಿ ಸೀಮೆಯಲ್ಲಿ ವರ್ಷಕ್ಕೆ 150 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವುದು. ಕೋಲಾರದಲ್ಲಿ 30 ಅಂಗುಲ ಬಿದ್ದರೆ ಒಳ್ಳೆಯ ವರ್ಷವೆಂದೆಣಿಸುವರು. ಆದರೆ ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರತಕ್ಕ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿರುವುದರಿಂದ, ಆ ಸೀಮೆಯ ನೀರಿನ ಲೆಕ್ಕವು ನಮ್ಮ ಲೆಕ್ಕವೂ ಆಗಿದೆ.

ಕೋಲಾರಕ್ಕೆ ಇದಕ್ಕೂ ಮುಂಚೆ ಬಂದುದು ಬೆಂಗಳೂರಿನವರು ಬಳಸಿಬಿಟ್ಟ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯು ಬೆಳ್ಳಂದೂರು, ವರ್ತೂರು ಕೆರೆಗಳ ಮಾರ್ಗವಾಗಿ ದಕ್ಷಿಣ ಪಿನಾಕಿನಿಗೆ ಹರಿಯತಕ್ಕದ್ದು. ಅದನ್ನು ಶುದ್ಧಿಮಾಡಿ, ದಿನವೊಂದಕ್ಕೆ 44 ಕೋಟಿ ಲೀಟರಿನಷ್ಟನ್ನು ಎತ್ತಿ 126 ಕೆರೆಗಳನ್ನು ತುಂಬಿಸಬೇಕೆಂಬುದು ಸಣ್ಣ ನೀರಾವರಿ ಇಲಾಖೆಯ ಯೋಜನೆ. 2018ರ ಜೂನ್ ತಿಂಗಳಲ್ಲಿ ನೀರು ಲಕ್ಷ್ಮೀಸಾಗರದ ಕೆರೆಗೆ ಬಿದ್ದಿತು. ಮರುತಿಂಗಳೇ ಅಲ್ಲಿ ನೊರೆಯೆದ್ದು, ಹೈಕೋರ್ಟು ಕೆಲಕಾಲ ನೀರೆತ್ತುವುದನ್ನು ತಡೆಯಿತು. ತರುವಾಯ ಪುನಃ ಆರಂಭವಾಯಿತು.

ನೊರೆ ಬಂದುದೇಕೆಂಬುದನ್ನು ಅರಿಯಲು ಶುದ್ಧೀಕರಣದ ಕ್ರಮವನ್ನು ತಿಳಿಯಬೇಕು. ಮೊದಲು ಕಂಬಿಗಳ ಜಾಲರಿಯು ಚಿಂದಿ, ಕಸಗಳನ್ನು ತಡೆಯುವುದು. ಮರಳೂ ಕೆಸರೂ ತೊಟ್ಟಿಯ ತಳದಲ್ಲಿ ನಿಲ್ಲುವುವು. ಎರಡನೆಯ ಹಂತದಲ್ಲಿ ನೀರಿಗೆ ಗಾಳಿಯೂದುವರು. ಗಾಳಿ ದೊರೆತ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಹೊಲಸನ್ನು ತಿಂದು ಬೆಳೆದು ತಾವೇ ಕೆಸರಾಗಿ ತಳಕ್ಕಿಳಿಯುವುವು. ಮಳೆಗಾಲದ ಹೊಳೆಯು ತಾನಾಗಿ ಮಾಡುವ ಕೆಲಸವೇ ಇದು. ಇಲ್ಲಿ ಯಂತ್ರದಿಂದ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ಮೂರನೆಯ ಹಂತವೆಂದರೆ ಮರಳಿನ ಸೋಸುವಿಕೆಯೂ ಕ್ಲೋರಿನ್ ಮುಂತಾದುವುಗಳಿಂದ ರೋಗಾಣುಗಳ ನಾಶವೂ. ಕೋಲಾರಕ್ಕೆ ಕಳುಹಿದ್ದು ಎರಡನೆಯ ಹಂತದವರೆಗೆ ಶುದ್ಧಿಯಾದ ನೀರು. ಮೂರನೆಯದನ್ನೂ ನಡೆಸಬೇಕೆಂಬುದೇ ಅಲ್ಲಿಯ ರೈತರ ಬೇಡಿಕೆ.

ಬೇಡಿಕೆಯು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಎರಡನೆಯ ಹಂತವನ್ನು ದಾಟಿದ ನೀರಿನಲ್ಲಿ ಸಾರಜನಕವೂ ರಂಜಕವೂ ಗಣನೀಯವಾಗಿ ಉಳಿಯುವುವು, ರೋಗಾಣುಗಳೆಲ್ಲವೂ ಸಾಯುವುದಿಲ್ಲ, ಗಾಳಿಯೂದುವಿಕೆಯಲ್ಲಿ ಕೊರತೆಯಾದರೆ ಸಾಬೂನಿನ ಅಂಶವೂ ಉಳಿದು ನೊರೆಯಾಗುವುದು. ಇನ್ನು ಉಪ್ಪಿನ ಅಂಶವಾದರೋ, ಮೂರನೆಯ ಹಂತದ ಮರಳಿನಿಂದಲೂ ಹೋಗತಕ್ಕದ್ದಲ್ಲ. ಒಣಸೀಮೆಯ ಬಿಸಿಲಿಗೆ ಕೆರೆಯ ನೀರು ಆವಿಯಾಗುತ್ತಾ ಹೋದಂತೆ ಉಪ್ಪು ಹಿಂದುಳಿದು ದಟ್ಟವಾಗುವುದು. ಆದಕಾರಣ ಇಂಥ ನೀರನ್ನು ಬಳಸುವ ಭೂಮಾಲಿಕರು ವರ್ಷಕ್ಕೊಮ್ಮೆಯಾದರೂ ಮಣ್ಣನ್ನು ಪರೀಕ್ಷೆಗೆ ಕಳುಹತಕ್ಕದ್ದು. ಸಾರಜನಕವು ನೀರಿನಲ್ಲಿಯೇ ಬರುವುದರಿಂದ ಯೂರಿಯಾವನ್ನು ಎಂದಿನಂತೆ ಹಾಕಿದರೆ ಬತ್ತವು ಹುಲುಸಾಗಿ ಬೆಳೆದು ಮಲಗುವುದು. ಮೇವಿಗೂ ಮರಗಳಿಗೂ ಈ ನೀರು ತಕ್ಕದ್ದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ತಕ್ಕದ್ದಲ್ಲ.

ಇಷ್ಟಾದರೂ ನೀರು ಬೇಡವೆನ್ನಲಾಗದು. ಸಾವಿರ ಅಡಿಗಳಾಚೆಗೆ ಕೊಳವೆಬಾವಿ ಕೊರೆದು ಬರಿಗೈಯಾದ ಒಕ್ಕಲಿಗನಿಗೆ ತುಂಬಿದ ಕೆರೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಕೆರೆಯ ನೀರು ಇಂಗಿ ಅಂತರ್ಜಲವಾಗಬೇಕೆಂಬುದೇ ಯೋಜನೆಯ ಉದ್ದೇಶ. ಮಣ್ಣಿನ ಮೂಲಕ ಇಂಗುವಾಗ ನೀರು ಎಷ್ಟೋ ತಿಳಿಯಾಗುವುದು. ಆದರೆ ನೈಟ್ರೇಟು ಮಣ್ಣಿನಲ್ಲಿ ನಿಲ್ಲದೆ ಬಾವಿಗಿಳಿಯುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದು. ಮೀರಿದರೆ ಎಳೆಯ ಶಿಶುಗಳಿಗೆ ಅಪಾಯ.

ಲಾಯಿಲದ ವಿಷಯಕ್ಕೆ ಬರುವುದಾದರೆ, ನಮ್ಮ ಮುರಕಲ್ಲಿನ ನೆಲವು ಜಾಳು ನೆಲ. ಇಂಗುಗುಂಡಿಯ ನೀರು ಸೋಸಲ್ಪಡುವುದಕ್ಕೆ ಮೊದಲೇ ನೆರೆಯ ಬಾವಿಯನ್ನು ಮುಟ್ಟಬಲ್ಲುದು. ಮಳೆಗಾಲದಲ್ಲಿ ಸೋಮಾವತಿಯು ಎಲ್ಲವನ್ನೂ ಕೊಚ್ಚಿಕೊಂಡು ಹೋಗುವುದು. ಹೊಳೆ ಸೊರಗುವ ಮಾರ್ಚಿ ಏಪ್ರಿಲುಗಳಲ್ಲಿ ಆ ಉಪಕಾರವಿಲ್ಲ. ಗ್ರಾಮದ ಮುಖಂಡರು ಪೇಟೆಗೆ ಸಮೀಪವಾದ ಬಾವಿಗಳ ನೀರನ್ನು ಆ ತಿಂಗಳುಗಳಲ್ಲೊಮ್ಮೆ, ಮೊದಲ ಮಳೆಯಾದ ಕೂಡಲೆ ಮತ್ತೊಮ್ಮೆ ನೈಟ್ರೇಟಿಗೂ ರೋಗಾಣುಗಳಿಗೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯತಿಯ ಪುಸ್ತಕದಲ್ಲಿ ಬರೆಯಿಸಿಡತಕ್ಕದ್ದು.