ಹೋರಿ ಹಂಗಾಮಿಗೆ ಅಭಿಮಾನಿಯ ಕಾರಣಿಕ

ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಸವಣೂರು ಸೀಮೆಯ ಚಹಾದಂಗಡಿಗಳಲ್ಲಿ ಮಾತಿನ ದಿಕ್ಕು ಬದಲಾಗುತ್ತದೆ. ಗೋವಿನಜೋಳದ ಧಾರಣೆ, ಸೊಸೈಟಿಯ ಸಾಲ, ರಾಜಕೀಯ ಎಲ್ಲವೂ ಹಿಂದೆ ಸರಿದು ಹೋರಿ ಮುಂದೆ ಬಂದು ನಿಲ್ಲುತ್ತದೆ. ಹೋದ ವರ್ಷ ಮೆರೆದ ಹೋರಿ ಈ ವರ್ಷವೂ ಮೆರೆದೀತೇ? ಲಕ್ಷಗಟ್ಟಲೆ ಸುರಿದು ತಂದ ಹೊಸ ಹೋರಿ ಜನರನ್ನು ಕಂಡು ನಿಂತುಬಿಟ್ಟರೆ ಗತಿಯೇನು? ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಚಹಾ ಮಾತ್ರ ತಣ್ಣಗಾಗುತ್ತದೆ.

ಇಂಗ್ಲೆಂಡಿನಲ್ಲಿ ಆಗಸ್ಟ್ ಬಂತೆಂದರೆ ಫುಟ್‌ಬಾಲ್ ಅಭಿಮಾನಿಗಳು ಮಾಡುವುದೂ ಇದನ್ನೇ. ಯಾವ ತಂಡ ಗೆಲ್ಲುತ್ತದೆ, ಯಾವುದು ಕೆಳಗಿಳಿಯುತ್ತದೆ ಎಂದು ಮೊದಲೇ ಪಟ್ಟಿ ಬರೆದಿಡುತ್ತಾರೆ. ಹಾವೇರಿ ಜಿಲ್ಲೆಯ ಅಭಿಮಾನಿಗೆ ಆ ಹಂಗಾಮು ಶುರುವಾಗುವುದು ಬಲಿಪಾಡ್ಯಮಿಯಂದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಊರಿಂದ ಊರಿಗೆ ಸಾಗುವ ಹೋರಿ ಬೆದರಿಸುವ ಸ್ಪರ್ಧೆ ಸಂಕ್ರಾಂತಿ ದಾಟಿದರೂ ಮುಗಿಯುವುದಿಲ್ಲ. ನೆರೆಯ ಶಿಕಾರಿಪುರ, ಸೊರಬಗಳಲ್ಲಿಯೂ ಇದೇ ಹುಚ್ಚು.

ಭವಿಷ್ಯ ನುಡಿಯುವುದು ಈ ಸೀಮೆಗೆ ಹೊಸದೂ ಅಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ವೇಳೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಅದನ್ನು ಮಳೆಗೊಬ್ಬರು, ಬೆಳೆಗೊಬ್ಬರು, ರಾಜಕೀಯಕ್ಕೊಬ್ಬರು ಹಚ್ಚಿ ಅರ್ಥ ಹೇಳುತ್ತಾರೆ. ಅಲ್ಲಿಂದ ಸುಮಾರು ಮೂರು ವಾರಕ್ಕೆ ಹೋರಿ ಹಬ್ಬ. ಅದರ ಕಾರಣಿಕ ನುಡಿಯಲು ಬಿಲ್ಲು ಬೇಕಿಲ್ಲ, ಚಹಾದಂಗಡಿಯ ಬೆಂಚು ಸಾಕು.

ಹಲ್ಲು, ಕಾಲು, ಹುರಳಿ

ಸ್ಪರ್ಧೆಯ ಬಗೆ ಸರಳ. ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಮೈಮೇಲೆ ಝೂಲ ಹೊದಿಸಿ, ಬಲೂನು, ರಿಬ್ಬನ್ನುಗಳಿಂದ ಸಿಂಗರಿಸಿದ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಎರಡೂ ಬದಿಗೆ ಜನ. ಹಿಡಿಯುವವರು ಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಲು ನೋಡುತ್ತಾರೆ. ಯಾರ ಕೈಗೂ ಸಿಗದೆ, ಕೊಬ್ಬರಿ ಕಳೆದುಕೊಳ್ಳದೆ ಪಾರಾದರೆ ಹೋರಿಯ ಗೆಲುವು. ಬಹುಮಾನಕ್ಕೆ ಬೈಕು, ಫ್ರಿಜ್ಜುಗಳೂ ಇರುತ್ತವೆ. ಆದರೆ ಅಭಿಮಾನಿಗೆ ಬೇಕಾದದ್ದು ಹೆಸರು. ದೇವರ ಹೆಸರು, ಊರ ಹೆಸರು, ಸಿನಿಮಾದ ಹೆಸರು ಹೊತ್ತ ಹೋರಿಗಳಿಗೆ ಅಭಿಮಾನಿ ಬಳಗಗಳಿವೆ, ಬ್ಯಾನರುಗಳಿವೆ. ಹೆಸರಾದ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ.

ಬಣ್ಣದ ಬ್ಯಾನರು ನೋಡಿ ಭವಿಷ್ಯ ಹೇಳುವವನು ಹೊಸಬ. ಪಳಗಿದವನು ಮೊದಲು ಹಲ್ಲು ನೋಡುತ್ತಾನೆ. ಎರಡು ಹಲ್ಲಿನ ಎಳೆಯ ಹೋರಿ ಒಮ್ಮೆ ಮಿಂಚಿದರೂ ಗದ್ದಲಕ್ಕೆ ಬೆದರಿ ದಾರಿ ತಪ್ಪೀತು. ಎಂಟು ಹಲ್ಲು ಕೂಡಿದ್ದಕ್ಕೆ ಅಖಾಡದ ನೆನಪಿರುತ್ತದೆ. ಆಮೇಲೆ ಕಾಲು, ಗೊರಸು. ಕೊನೆಗೆ ಮೇವಿನ ವಿಚಾರ. ಹುರಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ, ಕೆರೆಯಲ್ಲಿ ಈಜಿಸಿ ಮೈ ಗಟ್ಟಿ ಮಾಡಿದವರ ಹೋರಿ ಒಂದು ಬಗೆ. ಮಳೆಗಾಲವಿಡೀ ಕಟ್ಟಿಹಾಕಿ ಹಬ್ಬದ ಹಿಂದಿನ ವಾರ ಹೊರಗೆ ತಂದವರ ಹೋರಿ ಇನ್ನೊಂದು ಬಗೆ. ಮೈ ತುಂಬಿದ್ದೆಲ್ಲ ಓಟಕ್ಕೆ ಬರುವುದಿಲ್ಲ.

ಇಷ್ಟರ ಮೇಲೆ ಅವನ ಕಾರಣಿಕ ಹೀಗಿರುತ್ತದೆ. ಪಾಡ್ಯಮಿಯ ವಾರದಲ್ಲಿ ಹಳೆಯ ಹೆಸರುಗಳದೇ ಮೇಲುಗೈ. ಅವುಗಳಲ್ಲಿ ಕರೆದ ಊರಿಗೆಲ್ಲ ಹೋಗುವ ಹೋರಿ ಸಂಕ್ರಾಂತಿಯ ಹೊತ್ತಿಗೆ ದಣಿಯುತ್ತದೆ. ಬಿಡುವು ಕೊಟ್ಟು ಓಡಿಸುವ ಮಾಲೀಕನ ಹೋರಿ ಕೊನೆಯ ಅಖಾಡಗಳಲ್ಲಿ ಗೆಲ್ಲುತ್ತದೆ. ಈ ಲೆಕ್ಕ ಫುಟ್‌ಬಾಲಿನವರಿಗೂ ಗೊತ್ತು. ಬಿಡುವಿಲ್ಲದೆ ಆಡಿದ ತಂಡ ಹಂಗಾಮಿನ ಕೊನೆಗೆ ಕಾಲೆಳೆಯುತ್ತದೆ.

ತಪ್ಪುವ ಲೆಕ್ಕ

ಹಾಗೆಂದು ಲೆಕ್ಕ ಸದಾ ಕೂಡಿಬರುವುದಿಲ್ಲ. 2015ರಲ್ಲಿ ಇಂಗ್ಲೆಂಡಿನ ಹಂಗಾಮು ಶುರುವಾದಾಗ ಲೆಸ್ಟರ್ ಸಿಟಿ ತಂಡ ಗೆದ್ದರೆ ಒಂದಕ್ಕೆ 5,000 ಕೊಡುತ್ತೇವೆಂದು ಬಾಜಿಯವರು ಹೇಳಿದ್ದರು. 2016ರಲ್ಲಿ ಪ್ರಶಸ್ತಿ ಎತ್ತಿದ್ದು ಅದೇ ತಂಡ! ನಮ್ಮ ಕರ್ನಾಟಕದ ಫುಟ್‌ಬಾಲ್ ತಂಡವೂ 54 ವರ್ಷ ಕಾಯಿಸಿ, 2023ರಲ್ಲಿ ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದಿತು. ಹೋರಿಯ ಲೆಕ್ಕವಂತೂ ಇನ್ನೂ ಬೇಗ ತಪ್ಪುತ್ತದೆ. ಎಲ್ಲಿಂದಲೋ ಸಿಡಿದ ಒಂದು ಪಟಾಕಿ, ಅಡ್ಡ ಬಂದ ಒಬ್ಬ ಹುಡುಗ ಸಾಕು. ತಂಡ ಸೋತರೆ ಮುಂದಿನ ಶನಿವಾರ ಇನ್ನೊಂದು ಪಂದ್ಯವಿರುತ್ತದೆ. ಅಖಾಡದಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಜೀವ.

ಹೋರಿ ಹಬ್ಬದ ದಿನಗಳಲ್ಲಿ ತಿವಿತಕ್ಕೆ ಸಿಕ್ಕು ಸತ್ತವರ ಸುದ್ದಿ ಹಾವೇರಿ, ಶಿವಮೊಗ್ಗ ಜಿಲ್ಲೆಗಳಿಗೆ ಹೊಸದಲ್ಲ. ಹಿಡಿಯಲು ಹೋದವರಷ್ಟೇ ಅಲ್ಲ, ಓಣಿಯ ಬದಿಗೆ ನೋಡುತ್ತ ನಿಂತವರೂ ಸಿಕ್ಕುತ್ತಾರೆ. ಪ್ರಾಣಿಯ ನೋವಿನ ಪ್ರಶ್ನೆಯೂ ಇದೆ. 2014ರ ಮೇ 7ರಂದು ಜಲ್ಲಿಕಟ್ಟನ್ನು ನಿಷೇಧಿಸಿದ ಸುಪ್ರೀಂ ಕೋರ್ಟ್, ಹೋರಿಯ ದೇಹರಚನೆಯೇ ಓಟದ ಸ್ಪರ್ಧೆಗೆ ತಕ್ಕುದಲ್ಲ ಎಂದಿತ್ತು. ಆಮೇಲೆ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ತಮ್ಮ ತಮ್ಮ ತಿದ್ದುಪಡಿ ತಂದವು. ಜಲ್ಲಿಕಟ್ಟು, ಕಂಬಳ, ಎತ್ತಿನ ಗಾಡಿ ಓಟಗಳಿಗೆ ಸಂಬಂಧಿಸಿದ ಆ ಕಾಯ್ದೆಗಳನ್ನು 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಎತ್ತಿಹಿಡಿಯಿತು. ಕೋರ್ಟಿನ ವಾದ ಮುಗಿಯಿತೆಂದು ಹೊಣೆ ಮುಗಿಯಲಿಲ್ಲ.

ಅಭಿಮಾನಿಯ ಬಳಿಯೂ ಒಂದು ವಾದವಿದೆ, ತಳ್ಳಿಹಾಕುವಂಥದ್ದಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ದನದ ಕೊಟ್ಟಿಗೆಗಳು ಬರಿದಾದವು. ಹೀಗಿದ್ದೂ ಮನೆಯ ಮಗನಂತೆ ಹೋರಿ ಸಾಕುವ ಕುಟುಂಬಗಳು ಉಳಿದಿದ್ದರೆ ಅದಕ್ಕೆ ಈ ಹಬ್ಬವೂ ಕಾರಣ. ಆದರೆ ಮಗನಂತೆ ಸಾಕಿದ್ದನ್ನು ಕುಡಿದವರ ಗುಂಪಿನ ನಡುವೆ ಬಿಡುವುದು ಯಾವ ನ್ಯಾಯ? ಓಣಿಗೆ ಬೇಲಿಯಿಲ್ಲ, ಹತ್ತಿರ ಆಂಬ್ಯುಲೆನ್ಸ್ ಇಲ್ಲ ಎಂದಾದರೆ ಅದು ಅಖಾಡವೇ ಅಲ್ಲ.

ಆದ್ದರಿಂದ ಪಳಗಿದ ಅಭಿಮಾನಿ ಹೋರಿಯ ಹಲ್ಲಿನಂತೆಯೇ ಊರ ಸಮಿತಿಯ ಸಿದ್ಧತೆಯನ್ನೂ ನೋಡಬೇಕು. ಎರಡೂ ಬದಿಗೆ ಗಟ್ಟಿ ಬೇಲಿ ಕಟ್ಟಿದ್ದಾರೆಯೇ? ಮಕ್ಕಳು, ಮುದುಕರು ದೂರ ನಿಲ್ಲುವಂತೆ ಮಾಡಿದ್ದಾರೆಯೇ? ಪಶುವೈದ್ಯರನ್ನು ಕರೆಸಿದ್ದಾರೆಯೇ? ಓಡಿ ದಣಿದ ಹೋರಿಯನ್ನು ಹಿಡಿದು ತಣಿಸಲು ಮುಂದೆ ಬಯಲಿದೆಯೇ? ಇವೆಲ್ಲ ಇದ್ದ ಊರಿನ ಹಬ್ಬ ಸುಸೂತ್ರವಾಗಿ ಮುಗಿಯುತ್ತದೆಂದು ಹೇಳಲು ಗೊರವಯ್ಯನೇ ಬರಬೇಕಾಗಿಲ್ಲ.

ಪಾಡ್ಯಮಿಯ ಸಂಜೆ ಗೆದ್ದ ಹೋರಿಯ ಮನೆಯಲ್ಲಿ ಆರತಿ ಎತ್ತುತ್ತಾರೆ. ಸೋತ ಹೋರಿಗೂ ಅಂದು ಹುರಳಿ ತಪ್ಪುವುದಿಲ್ಲ. ಮರುದಿನ ಚಹಾದಂಗಡಿಯಲ್ಲಿ ತಪ್ಪಿದ ಲೆಕ್ಕಗಳಿಗೆ ಸಮಜಾಯಿಷಿ ಶುರು. ಹಿಡಿಯಲು ಹೋದವರು, ನೋಡಲು ನಿಂತವರು, ಎಲ್ಲರೂ ಆ ಬೆಂಚಿಗೆ ಮರಳಿ ಬಂದು ಕೂತರೆ ಹಂಗಾಮು ಚೆನ್ನಾಗಿ ಶುರುವಾಯಿತೆಂದೇ ಅರ್ಥ.